ಸೊಂಟನೋವೆಂದು ಹೇಳಿ ತಿರುಗಿದ ಕಾಲ

ಆ ಕೋಣೆಯಲ್ಲಿ ನಾನಿದ್ದೆ. ನನ್ನ ಪಕ್ಕದ ಸ್ಟೂಲಿನ ಮೇಲೆ ನಮ್ಮ ಅತ್ತೆ ಪುಟ್ಟಮ್ಮ, ಮೇಜಿನ ಆಚೆ ಡಾಕ್ಟರು, ಅವರ ಮಗ್ಗುಲಲ್ಲಿ ಬಿ.ಪಿ. ನೋಡುವ ನರ್ಸು. ನನ್ನ ಬೆನ್ನಿಗೆ ತಾಗಿಕೊಂಡು ಮುಂದಿನ ಸರದಿಯ ಹೆಂಗಸು, ಅವಳ ಬೆನ್ನಿಗೆ ಅವಳ ಗಂಡ. ಬಾಗಿಲು ತೆರೆದೇ ಇತ್ತು. ಹೊರಗಿನ ಸಾಲು ಕತ್ತು ಚಾಚಿ ಒಳಗೆ ಇಣುಕುತ್ತಿತ್ತು. ಚಾಮರಾಜನಗರದ ಒಂದು ಆಸ್ಪತ್ರೆ, ಸೋಮವಾರದ ಬೆಳಗು.

"ಏನಮ್ಮ ತೊಂದರೆ?" ಎಂದರು ಡಾಕ್ಟರು, ಬರೆಯುತ್ತಲೇ.

ಹೇಳಬೇಕಾದ ಮಾತನ್ನು ನಾನು ವಾರಗಟ್ಟಲೆ ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಓಡಾಡುವ ಬಸ್ಸಿನಲ್ಲಿ ನಾನು ಕಂಡಕ್ಟರು. ಹಿಂದಿನ ಬಾಗಿಲಿನಲ್ಲಿ ನಿಂತು ಕೂಗಿದರೆ ಡ್ರೈವರ್ ಸೀಟಿನವರೆಗೂ ಕೇಳುವ ಗಂಟಲು ನನ್ನದು. ಕುಡಿದು ಹತ್ತಿದವನನ್ನು ತೆರಕಣಾಂಬಿಯಲ್ಲಿ ಇಳಿಸಿದ್ದೇನೆ, ಚಿಲ್ಲರೆಗೆ ರಂಪ ಮಾಡಿದವರ ಬಾಯಿ ಮುಚ್ಚಿಸಿದ್ದೇನೆ. ಆದರೆ ಅವತ್ತು ಹಿಂದಿನವಳ ಗಂಡ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

"ಸೊಂಟನೋವು ಸಾ," ಎಂದೆ.

ನನಗೆ ಸೊಂಟನೋವು ಇರಲಿಲ್ಲ. ನನಗೆ ಆಗಿದ್ದು ಇಷ್ಟೇ: ಗಂಡನ ಜೊತೆ ಮಲಗುವ ಆಸೆ ಆರಿಹೋಗಿತ್ತು. ಆಸೆಯಿಲ್ಲದೆಯೂ ಮಲಗಿದರೆ, ಸುಖ ಅನ್ನುವುದು ಬರುತ್ತಿರಲಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಬಸ್ಸು ನೀವು ಹತ್ತಿರಬಹುದು. ತಿರುವು ತಿರುವಿಗೂ ತಿಣುಕುತ್ತ ಏರಿ, ಇನ್ನೇನು ಗುಡಿ ಕಾಣಬೇಕು ಅನ್ನುವಾಗ ಎಂಜಿನ್ ನಿಂತುಬಿಟ್ಟರೆ ಹೇಗಿರುತ್ತದೆ? ಹಾಗೆ. ಪ್ರತಿ ಸಲವೂ ಹಾಗೆ. ಆಮೇಲೆ ಬರಬರುತ್ತ ಬಸ್ಸು ಕೆಳಗಿನ ನಿಲ್ದಾಣ ಬಿಟ್ಟು ಹೊರಡುವುದೂ ನಿಂತಿತು.

ಮೊದಲಿನಿಂದಲೂ ಹೀಗೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲವೇನೋ. ಆದರೆ ಮದುವೆಯಾದ ಮೊದಲ ವರ್ಷಗಳಲ್ಲಿ, ಇಬ್ಬರು ಮಕ್ಕಳಾಗಿ ಆಪರೇಷನ್ ಮಾಡಿಸಿಕೊಂಡ ಮೇಲೂ, ನನಗೆ ಅದೆಲ್ಲ ಇತ್ತು. ಕಳೆದುಕೊಂಡದ್ದು ಏನೆಂದು ತಿಳಿದಿತ್ತು. ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ.

ಇದಕ್ಕೆ ನಮ್ಮ ಕಡೆ ಹೆಸರೂ ಇಲ್ಲ. ನನ್ನನ್ನು ಸಾಕಿದವಳು ನನ್ನ ತಾಯಿಯ ತಾಯಿ. ಮಾತು ಕಲಿತದ್ದು ಅವಳ ಮಡಿಲಲ್ಲೇ. ಹಸು ಬೆದೆಗೆ ಬಂದರೆ ಅವಳ ಹತ್ತಿರ ಒಂದು ಮಾತಿತ್ತು, ಬಾಣಂತಿಯ ಎದೆಹಾಲು ಕಟ್ಟಿಕೊಂಡರೆ ಒಂದು ಮಾತಿತ್ತು, ಗಂಡಸು ಹೆಣ್ಣಿನ ಹಿಂದೆ ಬಿದ್ದರೆ ಬಾಯಿತುಂಬ ಬಯ್ಯಲು ಹತ್ತು ಮಾತಿದ್ದವು. ಹೆಂಗಸಿನ ಸುಖಕ್ಕೆ ಮಾತ್ರ ಒಂದೂ ಇರಲಿಲ್ಲ. ಹೆಸರಿಲ್ಲದ್ದನ್ನು ಡಾಕ್ಟರ ಮುಂದೆ, ಅದೂ ಪರಗಂಡಸಿನ ಉಸಿರು ಕತ್ತಿಗೆ ತಾಗುತ್ತಿರುವಾಗ, ಏನೆಂದು ಹೇಳಲಿ?

ಸೊಂಟನೋವು ಎಂದ ತಪ್ಪಿಗೆ ಸೊಂಟದ ಎಕ್ಸ್‌ರೇ ತೆಗೆಸಿದರು. ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಬೆಲ್ಟು ಕಟ್ಟಿಕೊಳ್ಳಲು ಹೇಳಿದರು. ಬಿಸಿಲುಗಾಲದ ಬಸ್ಸಿನಲ್ಲಿ, ಖಾಕಿ ಅಂಗಿಯ ಒಳಗೆ ಆ ಬೆಲ್ಟು ಕಟ್ಟಿಕೊಂಡು ಬೆವರಿನಲ್ಲಿ ನೆನೆದೆ. ಬಸ್ಸಿನ ಹೆಂಗಸರೆಲ್ಲ ನನ್ನ ಸೊಂಟಕ್ಕೆ ವೈದ್ಯರಾದರು. ಒಬ್ಬಳು ಹುರುಳಿ ಶಾಖ ಕೊಡು ಎಂದಳು, ಇನ್ನೊಬ್ಬಳು ಎಕ್ಕದ ಎಲೆ ಎಂದಳು. ಮನೆಯಲ್ಲಿ ಅತ್ತೆ ನನ್ನನ್ನು ಬೋರಲು ಮಲಗಿಸಿ ಹರಳೆಣ್ಣೆ ತಿಕ್ಕುತ್ತಿದ್ದರು. "ಇಲ್ಲಿ ನೋಯ್ತದಾ? ಇಲ್ಲಿ? ಯೋಳ್ಬಾರ್ದಾ ಅಮ್ಮಿ!" ಪಾಪ, ಅವರ ಹೆಬ್ಬೆಟ್ಟು ನೋಯುವಷ್ಟು ತಿಕ್ಕುತ್ತಿದ್ದರು. ನನಗೆ ಅಳು ಬರುತ್ತಿತ್ತು. ನೋವಿಗೆ ಅಂದುಕೊಂಡು ಇನ್ನೂ ಜೋರಾಗಿ ತಿಕ್ಕುತ್ತಿದ್ದರು.

ನಮ್ಮ ಯಜಮಾನರು ನಾಗೇಂದ್ರ. ಭೀಮನಬೀಡಿನಲ್ಲಿ ನಮಗೆ ಸ್ವಲ್ಪ ಜಮೀನಿದೆ, ಚೆಂಡುಹೂವು ಹಾಕುತ್ತೇವೆ. ಉಳಿದಂತೆ ಅವರು ಗುಂಡ್ಲುಪೇಟೆ ಮಾರುಕಟ್ಟೆಯಿಂದ ಕೇರಳದ ಕಡೆಗೆ ತರಕಾರಿ ಗಾಡಿ ಓಡಿಸುತ್ತಾರೆ. ಮಾತು ಕಡಿಮೆ. ಒಂದು ದಿನ ಟೊಮೆಟೊ ಕ್ರೇಟು ಇಳಿಸುತ್ತ, ನನ್ನ ಮುಖ ನೋಡದೆ ಕೇಳಿದರು.

"ನಾನ್ ಬ್ಯಾಡ್ವಾಗ್ಬುಟ್ನಾ ರತ್ನ ನಿಂಗೆ?"

"ಅಂಗಲ್ಲ ಕಣ್ರೀ."

"ಮತ್ತೆಂಗೆ?"

ಹೇಗೆ ಅಂತ ಹೇಳಲು ನನಗೆ ಬಂದಿದ್ದರೆ ಅಲ್ಲೇ ಅರ್ಧ ವಾಸಿಯಾಗುತ್ತಿತ್ತು. ನಾನು ಒಳಗೆ ಹೋಗಿ ಪಾತ್ರೆ ಉಜ್ಜಿದೆ. ಅವತ್ತಿನಿಂದ ಅವರು ಹಾಸಿಗೆ ಜಗುಲಿಗೆ ಹಾಕಿಕೊಂಡರು. ಕೇಳಿದವರಿಗೆ ಒಳಗೆ ಸೆಕೆ ಎಂದರು. ಮಳೆಗಾಲದಲ್ಲೂ ಸೆಕೆಯೇ ಎಂದರು.

ಆಮೇಲೆ ಅಟ್ಟದ ಮೇಲೆ ಒಂದು ಲೇಹ್ಯದ ಡಬ್ಬಿ ಸಿಕ್ಕಿತು, ಮೇಲೆಲ್ಲ ಮಲಯಾಳಂ ಅಕ್ಷರ. ನನಗೆಂದು ತಂದಿದ್ದಾರೆ, ಕೊಡಲು ನಾಚಿಕೆ ಅಂದುಕೊಂಡೆ. ತೆಗೆದು ನೋಡಿದರೆ ಅರ್ಧ ಖಾಲಿ. ಒತ್ತಾಯ ಮಾಡಿ ಕೇಳಿದಾಗ ಅವರೇ ಬಾಯಿಬಿಟ್ಟರು. ಗಡಿಯಾಚೆಯ ವೈದ್ಯರೊಬ್ಬರ ಹತ್ತಿರ ಹೋಗಿ, "ನನ್ ಹೆಂಡ್ತಿಗೆ ಆಸೆ ಕಮ್ಮಿ ಆಗ್ಯದೆ" ಎಂದಿದ್ದಾರೆ. ಹಾಗಾದರೆ ದೋಷ ನಿನ್ನಲ್ಲೇ ಎಂದು ಆ ಪುಣ್ಯಾತ್ಮ ಗಂಡಸಿನ ಲೇಹ್ಯ ಕೊಟ್ಟು ಕಳಿಸಿದ್ದಾನೆ. ಇವರು ಸದ್ದಿಲ್ಲದೆ ತಿಂದು, ಹೊಟ್ಟೆ ಕೆಟ್ಟು, ಕೇರಳದ ದಾರಿಯ ಕಾಡಿನ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಪೊದೆ ಹುಡುಕಿದ್ದಾರೆ. ಆನೆ ಓಡಾಡುವ ಜಾಗ ಅದು! ಕೇಳಿ ನಕ್ಕೆ. ನಕ್ಕು ಮುಗಿಯುವ ಮೊದಲೇ ಸಿಟ್ಟು ಬಂತು. ತೊಂದರೆ ನನ್ನದು ಎಂದರೂ ಔಷಧಿ ಗಂಡಸಿಗೇ ಯಾಕೆ ಹೋಗಬೇಕು?

ಸೊಂಟದ ಬೆಲ್ಟು ಬಿಚ್ಚಿ ಎಸೆದು, ಅತ್ತೆಗೆ ಹೇಳದೆ, ಗುಂಡ್ಲುಪೇಟೆಯ ಒಂದು ಹೆಂಗಸರ ಕ್ಲಿನಿಕ್ಕಿಗೆ ಒಬ್ಬಳೇ ಹೋದೆ. ಬೆಂಚಿನ ತುಂಬ ಬಸುರಿಯರು. ಎದುರು ಗೋಡೆಯಲ್ಲಿ ನಗುವ ಮಗುವಿನ ಚಿತ್ರ. ಸರದಿ ಬಂದಾಗ ಕಣ್ಣು ಮುಚ್ಚಿಕೊಂಡು ಹೇಳಿಯೇ ಬಿಟ್ಟೆ. ಆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಮಕ್ಕಳಾಗಿವೆಯಾ?"

"ಇಬ್ಬರು."

"ಆಪರೇಷನ್?"

"ಆಗ್ಯದೆ."

"ನಿಮ್ಮ ಮನೆಯವರು ಜಗಳ ಮಾಡ್ತಾರಾ? ಬೇರೆ ಕಡೆ ಹೋಗ್ತಾರಾ?"

"ಇಲ್ಲ."

"ಮತ್ತೇನಮ್ಮ? ವಯಸ್ಸಾಗ್ತಾ ಎಲ್ಲರಿಗೂ ಹೀಗೇ. ದೇವರ ಧ್ಯಾನ ಮಾಡಿ, ಮಕ್ಕಳ ಕಡೆ ಗಮನ ಕೊಡಿ."

ನನಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ. ಗಂಡ ದೂರು ಕೊಟ್ಟಿದ್ದರೆ ಕಾಯಿಲೆ, ನಾನೇ ಕೊಟ್ಟರೆ ಕೊಬ್ಬು. ಬಸ್‌ಸ್ಟ್ಯಾಂಡಿಗೆ ಬಂದು ಡ್ಯೂಟಿಗೆ ಹತ್ತಿದೆ. ಅವತ್ತು ಎಲ್ಲರ ಮೇಲೂ ರೇಗಿದೆ. ಹಿಂದಕ್ಕೆ ಸರಿಯದ ಒಬ್ಬ ಮುದುಕಪ್ಪನ ಮೇಲೂ ರೇಗಿದೆ. "ಯಾಕವ್ವ, ಮನೇಲಿ ಜಗಳವಾ?" ಎಂದು ಅವನು ಮೆಲ್ಲಗೆ ಕೇಳಿದ. ಜಗಳವಾದರೂ ಆಗಿದ್ದರೆ ಹೇಳಿಕೊಳ್ಳಲು ಬಾಯಿರುತ್ತಿತ್ತು.

ನಾನು ಆ ಕ್ಲಿನಿಕ್ಕಿನಿಂದ ಇಳಿದು ಬಂದದ್ದನ್ನು ಅತ್ತೆಯ ತಂಗಿ, ತೆರಕಣಾಂಬಿಯ ಚಿಕ್ಕಮ್ಮ, ನೋಡಿಬಿಟ್ಟಿದ್ದರು. ಇಬ್ಬರು ಮಕ್ಕಳಾಗಿ ಆಪರೇಷನ್ ಆದವಳು ಗುಟ್ಟಾಗಿ ಹೆಂಗಸರ ಡಾಕ್ಟರ ಹತ್ತಿರ ಯಾಕೆ ಹೋಗುತ್ತಾಳೆ? ಅಕ್ಕತಂಗಿ ಕೂತು ಲೆಕ್ಕ ಹಾಕಿದರು. ಅವರಿಗೆ ಹೊಳೆದದ್ದು ಒಂದೇ: ರತ್ನ ಇನ್ನೊಂದು ಮಗು ಬೇಕೆಂದು ಆಪರೇಷನ್ ಬಿಚ್ಚಿಸಲು ಓಡಾಡುತ್ತಿದ್ದಾಳೆ! ಸೊಂಟನೋವು, ಜಗುಲಿಯ ಹಾಸಿಗೆ, ಕೇರಳದ ಲೇಹ್ಯ, ಎಲ್ಲವೂ ಅದಕ್ಕೆ ಸರಿಯಾಗಿ ಹೊಂದಿಕೊಂಡವು. ನಮ್ಮ ಊರುಗಳಲ್ಲಿ ಹೆಂಗಸಿನ ಆ ಭಾಗಕ್ಕೆ ಸಂಬಂಧಿಸಿದ ಯಾವ ಸಂಕಟವೂ ಕೊನೆಗೆ ತೊಟ್ಟಿಲಿಗೇ ಹೋಗಿ ನಿಲ್ಲುತ್ತದೆ.

ಅತ್ತೆ ನನಗೆ ಒಂದು ಮಾತೂ ಹೇಳದೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದರು. ಮಕ್ಕಳಿಲ್ಲದವರು ಹೋಗುವ ಗುಡಿ ಅದು. ಮೊಮ್ಮಗು ಆದರೆ ಬೆಳ್ಳಿಯ ಪುಟ್ಟ ತೊಟ್ಟಿಲು ಒಪ್ಪಿಸುತ್ತೇನೆಂದು ಹರಕೆ ಹೊತ್ತರು. ಬೆಟ್ಟದಿಂದ ಇಳಿದವರು ನೆಂಟರಿಗೆಲ್ಲ ಹೇಳಿದರು. ಸುದ್ದಿ ನನ್ನ ಬಸ್ಸನ್ನೇ ಹತ್ತಿಕೊಂಡು ಊರೂರು ತಿರುಗಿತು.

"ಏನ್ ಕಂಡಕ್ಟ್ರಮ್ಮ, ಮೂರ್ನೇದಂತೆ?" ಎಂದು ಡ್ರೈವರ್ ಬಸವಣ್ಣ ಕನ್ನಡಿಯಲ್ಲಿ ನೋಡಿ ಹಲ್ಲು ಕಿರಿದ.

"ರಸ್ತೆ ನೋಡ್ಕಂಡ್ ಓಡ್ಸಣ್ಣ," ಎಂದೆ.

ಮನೆಯಲ್ಲಿ ತಿಂಗಳು ತಿಂಗಳೂ ಕಾವಲು. ನಾನು ಮುಟ್ಟಾದರೆ ಅತ್ತೆಯ ಮುಖ ಇಳಿಯುತ್ತಿತ್ತು. ಒಂದೆರಡು ದಿನ ತಡವಾದರೆ ಗಸಗಸೆ ಪಾಯಸ. ನಾನು ಯಾವುದಕ್ಕೆ ಅಳುತ್ತಿದ್ದೇನೆ, ಇವರು ಯಾವುದಕ್ಕೆ ಪಾಯಸ ಕಾಸುತ್ತಿದ್ದಾರೆ!

ಹೀಗಿರುವಾಗ, ದಿನಾ ಬೆಳಿಗ್ಗೆ ನನ್ನ ಬಸ್ಸಿಗೆ ಹತ್ತುವ ಒಬ್ಬ ಹೆಣ್ಣುಮಗಳು ಚಾಮರಾಜನಗರದ ಒಂದು ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ಎಂದು ತಿಳಿಯಿತು. ಸೀಟಿಲ್ಲದಿದ್ದರೆ ಕಂಬ ಹಿಡಿದು ನಿಂತು, ಪಕ್ಕದ ಅಜ್ಜಿಯ ಕುಕ್ಕೆಯನ್ನು ಕಾಲಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದರು, ಉರುಳದ ಹಾಗೆ. ಅದನ್ನು ನೋಡಿ ನನಗೆ ಧೈರ್ಯ ಬಂತು, ಅವರಿಗೇ ತೋರಿಸಲು ಹೊರಟೆ. ಅತ್ತೆ ಜೊತೆಗೆ ಬಂದೇ ಬರುತ್ತೇನೆಂದು ಹಠ ಹಿಡಿದು, ಹೊಸ ಸೀರೆ ಉಟ್ಟು ಬಂದರು.

ಆ ಡಾಕ್ಟರು ಮೊದಲು ಮಾಡಿದ್ದು ಎದ್ದು ಹೋಗಿ ಬಾಗಿಲು ಹಾಕಿದ್ದು. "ಜೊತೆಗೆ ಬಂದವರು ಹೊರಗಿರಿ ಅಮ್ಮ," ಎಂದರು. ಮಗುವಿನ ವಿಚಾರ, ಗುಟ್ಟು ಇರಬೇಕು ಅಂದುಕೊಂಡು ಅತ್ತೆ ಸಂತೋಷವಾಗಿಯೇ ಹೊರಗೆ ಹೋದರು.

ನಾನು ಬೆಟ್ಟದ ಬಸ್ಸಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಯಾವಾಗಿನಿಂದ ಬಸ್ಸು ನಿಲ್ಲೋಕೆ ಶುರುವಾಯ್ತು?" ಎಂದು ಕೇಳಿದರು. ಯೋಚಿಸಿದೆ. ನಮ್ಮಪ್ಪ ತೀರಿಕೊಂಡ ವರ್ಷದಿಂದ. ಆಗ ನನಗೆ ಕೈ ನಡುಕ, ನಿದ್ದೆಯಿಲ್ಲ, ಟಿಕೆಟ್ ಮೆಷಿನ್ ಹಿಡಿದರೆ ಎದೆ ಡವಗುಟ್ಟುವುದು. ಮನಸ್ಸಿನ ಡಾಕ್ಟರೊಬ್ಬರು ಮಾತ್ರೆ ಕೊಟ್ಟಿದ್ದರು. ಅದರಿಂದ ನಡುಕ ನಿಂತಿತು. ಮತ್ತೆ ತೋರಿಸಲು ಹೋಗದೆ, ಅದೇ ಮಾತ್ರೆ ತಂದು ನುಂಗುತ್ತ ಬಂದಿದ್ದೆ. ನನ್ನನ್ನು ಬದುಕಿಸಿದ ಮಾತ್ರೆ ಅದು, ಅದರ ಮೇಲೆ ಅನುಮಾನ ಹೇಗೆ ಬರಬೇಕು?

"ಕೆಲವರಿಗೆ ಆ ಮಾತ್ರೆಯಿಂದ ಹೀಗಾಗುತ್ತೆ," ಎಂದರು. "ಅದೊಂದೇ ಕಾರಣ ಅಂತ ಈಗಲೇ ಹೇಳಲ್ಲ. ನೀವಾಗಿ ನಿಲ್ಲಿಸಬೇಡಿ. ಕೊಟ್ಟವರ ಹತ್ತಿರ ಹೋಗಿ, ನನಗೆ ಹೇಳಿದ ಹಾಗೇ ಹೇಳಿ." ಆಮೇಲೆ ಇನ್ನೊಂದು ಮಾತು ಅಂದರು. "ಇದು ಕೊಬ್ಬಲ್ಲ, ರತ್ನ ಅವರೇ."

ಕೊಬ್ಬು ಎನ್ನುವ ಮಾತು ನನ್ನ ಬಾಯಿಂದ ಯಾವಾಗ ಬಿದ್ದಿತ್ತೋ ನನಗೇ ನೆನಪಿಲ್ಲ. ಅಲ್ಲೇ ಅತ್ತುಬಿಟ್ಟೆ. ಡಾಕ್ಟರು ನೀರಿನ ಬಾಟಲಿ ಮುಂದೆ ಸರಿಸಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ಮೆಲ್ಲಗೆ ಬದಲಾಯಿಸಿದರು. ಹೊಸದಕ್ಕೆ ತಲೆಸುತ್ತು, ಹಳೆಯ ನಡುಕ ಒಂದಿಷ್ಟು ವಾಪಸು. ತಿಂಗಳುಗಳು ಹೋದರೂ ಆಸೆಯ ಸುಳಿವಿಲ್ಲ. ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ನಮ್ಮವರು ಬಂದು, ಕುರ್ಚಿಯ ತುದಿಯಲ್ಲಿ ಇನ್ನೇನು ಬೀಳುವ ಹಾಗೆ ಕೂತು, ನೆಲ ನೋಡುತ್ತಿದ್ದರು. ಕೆಲವು ಕಾಲ ಗಂಡಹೆಂಡತಿಯ ಕೂಡುವಿಕೆ ಬೇಡವೇ ಬೇಡ, ಬರೀ ಪಕ್ಕದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ, ಬೆನ್ನು ಸವರಿ, ಮಾತಾಡಿ, ಎಲ್ಲಿ ಹಿತ ಎಂದು ರತ್ನ ಹೇಳಲಿ, ನೀವು ಕೇಳಿ ಎಂದರು ಡಾಕ್ಟರು.

"ಅದ್ಕೂ ರಜಾನಾ ಮೇಡಂ?" ಎಂದರು ನಮ್ಮವರು, ಗಾಬರಿಯಾಗಿ.

"ರಜಾ ಅಲ್ಲ ರೀ, ಇದೇ ಡ್ಯೂಟಿ."

ಡ್ಯೂಟಿ ಮಾಡಲು ಜಾಗ ಎಲ್ಲಿದೆ? ನಮ್ಮದು ಒಂದು ಕೋಣೆ, ಒಂದು ಹಜಾರ. ಕೋಣೆಯಲ್ಲಿ ನನ್ನ ಎಡಬಲಕ್ಕೆ ಮಕ್ಕಳು. ಹಜಾರದಲ್ಲಿ ಅತ್ತೆ, ಅವರಿಗೆ ಎಲೆ ಅಲುಗಿದರೂ ಎಚ್ಚರ. ಆಸೆ ಹೋಗಲು ಮಾತ್ರೆ ಒಂದೇ ಯಾಕೆ ಬೇಕು ಅನಿಸಿತು. ಬೆಳಿಗ್ಗೆ ಕೋಳಿಗಿಂತ ಮೊದಲೇ ಎದ್ದು ಅಡುಗೆ, ಆಮೇಲೆ ಇಡೀ ದಿನ ಜನರ ಮೈಯುಜ್ಜಾಟ, ಸಂಜೆ ಮತ್ತೆ ಒಲೆ. ಆ ಮೈಯನ್ನು ಇನ್ನೊಂದು ಕೈ ಮುಟ್ಟಿದರೆ, ಅದು ಪ್ರೀತಿಯ ಕೈಯಾದರೂ, ಇನ್ನೊಬ್ಬ ಪ್ರಯಾಣಿಕ ಒತ್ತಿದ ಹಾಗಾಗುತ್ತಿತ್ತು.

ಅಷ್ಟರಲ್ಲಿ ಮತ್ತೆ ಮುಟ್ಟಾದೆ. ನನಗೆ ವಾರದ ರಜೆಯ ದಿನ ಅದು. ಬೆಳಿಗ್ಗೆ ಅತ್ತೆಯೂ ನಾನೂ ಚೆಂಡುಹೂವು ಕೀಳುತ್ತಿದ್ದೆವು. ಅತ್ತೆ ನಿಟ್ಟುಸಿರು ಬಿಟ್ಟು ಶುರು ಮಾಡಿದರು.

"ಈ ತಿಂಗ್ಳೂ ನಿಲ್ಲಿಲ್ವಲ್ಲ. ಸ್ವಾಮಿ ಯಾಕೋ ಕಣ್ ಬುಡ್ಲಿಲ್ಲ. ಇನ್ನೊಂದ್ಸರ್ತಿ ಬೆಟ್ಟಕ್ಕೆ ಓಗನ ಕಣಮ್ಮಿ, ನೀನೂ ಬಾ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕೈಲಿದ್ದ ಹೂವನ್ನು ಮಂಕರಿಗೆ ಎಸೆದೆ.

"ನಂಗೆ ಕೂಸು ಬ್ಯಾಡ ಅತ್ತೆ! ಯಾವತ್ತೂ ಕೇಳಿಲ್ಲ ನಾನು. ಸೊಂಟನೋವೂ ಇಲ್ಲ."

"ಮತ್ತೇನ್ಗೆ ತಿರುಗ್ತಿದ್ದೀಯೆ?"

"ನಿಮ್ ಮಗನ ಜೊತೆ ಮನಿಕಂಡ್ರೆ ನಂಗೆ ಸುಖ ಬರಲ್ಲ. ಮೊದ್ಲು ಬರ್ತಿತ್ತು, ಈಗ ಬರಲ್ಲ. ಅದಕ್ಕೆ ತಿರುಗ್ತಿದ್ದೀನಿ. ಸಾಕಾ?"

ಪಕ್ಕದ ಹೊಲದಲ್ಲಿ ಯಾರೂ ಇರಲಿಲ್ಲ, ಪುಣ್ಯಕ್ಕೆ. ಅತ್ತೆ ಬಯ್ಯುತ್ತಾರೆ, ತಲೆ ಚಚ್ಚಿಕೊಳ್ಳುತ್ತಾರೆ, ಮಗನನ್ನು ಕರೆದು ಹೇಳುತ್ತಾರೆ, ಎಲ್ಲಕ್ಕೂ ಸಿದ್ಧವಾಗಿ ನಿಂತೆ. ಅವರು ಬಾಗಿದವರು ಬಾಗಿದಂತೆಯೇ ಹೂವು ಕೀಳುತ್ತ ಸಾಲಿನ ಕೊನೆಯವರೆಗೆ ಹೋದರು. ತಿರುಗಿ ಬಂದರು.

"ಅದ್ಕೂ ಡಾಕ್ಟ್ರು ಅವ್ರಾ?"

"ಅವ್ರೆ."

ಮತ್ತೆ ಸ್ವಲ್ಪ ಹೂವು ಕಿತ್ತರು.

"ಎಂಗಿರ್ತದಮ್ಮಿ ಅದು?"

ಮೊದಲು ನನಗೆ ಅರ್ಥವಾಗಲಿಲ್ಲ. ಅವರ ಮುಖ ನೋಡಿದೆ. ಕುಚೋದ್ಯ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

"ನಿಮ್ಗೆ ಗೊತ್ತಿಲ್ವಾ ಅತ್ತೆ?"

"ನಂಗೇನ್ ಗೊತ್ತು? ಮೂರ್ ಐಕ್ಳ ಹೆತ್ತೆ. ನಿಮ್ ಮಾವ ಮನಿಕಂತಿದ್ರು, ಎದ್ದೋಯ್ತಿದ್ರು. ನಾನು ಸೂರಿನ ಗಳ ನೋಡ್ತಾ ಬಿದ್ದಿರ್ತಿದ್ದೆ. ಹೆಂಗಸ್ರಿಗೂ ಏನೋ ಅದೆ ಅಂತ ಒಬ್ರೂ ಯೋಳಿಲ್ಲ ಕಣವ್ವ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾನು ಕಳೆದುಕೊಂಡು ಅಳುತ್ತಿದ್ದೆ, ಇವರು ಕಾಣದೆಯೇ ಮುದುಕಿಯಾಗಿದ್ದರು. ಉತ್ತರ ಹೇಳಲು ನನ್ನಲ್ಲಿ ಬೆಟ್ಟದ ಬಸ್ಸು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅದನ್ನೇ ಹೇಳಿದೆ. "ಮೇಲಕ್ಕೋದ್ ತಕ್ಷಣ ಮಂಜು ಸರ್ದು ಎಲ್ಲ ಕಾಣ್ತದಲ್ಲ ಅತ್ತೆ, ಅಂಗೆ."

"ಅಂಗಾ," ಎಂದರು. ಮಂಕರಿ ತಲೆಗೆ ಎತ್ತಿಕೊಂಡರು. ದಾರಿಯಲ್ಲಿ, "ಗೋಪಾಲಸ್ವಾಮಿಗೆ ಯೋಳ್ಬುಟ್ಟು ಬತ್ತೀನಿ, ಹರ್ಕೆ ತಪ್ ತಿಳ್ಕಂಡ್ ಹೊತ್ಕಂಡಿದ್ದೆ ಅಂತ," ಎಂದರು.

ಅವತ್ತು ಸಂಜೆ ಊಟವಾದ ಮೇಲೆ ಅತ್ತೆ ನನ್ನ ಮಕ್ಕಳ ಚಾಪೆ, ದಿಂಬು ಹೊತ್ತುಕೊಂಡು ಹೋಗಿ ಹಜಾರದಲ್ಲಿ ತಮ್ಮ ಪಕ್ಕ ಹಾಸಿದರು. ಮಗಳು ಕೊಂಯ್‌ಗುಟ್ಟಿದಳು. "ಇನ್ಮೇಲೆ ನೀವು ನನ್ ತಾವೇ ಮನಿಕಬೇಕು, ಕತೆ ಯೋಳ್ತೀನಿ," ಎಂದರು. ಆಮೇಲೆ ಜಗುಲಿಗೆ ಹೋಗಿ ಮಗನ ಹಾಸಿಗೆ ಸುತ್ತಿ ಅವರ ಕೈಗೆ ಕೊಟ್ಟರು. "ಸೆಕೆ ಮುಗೀತು. ಒಳಗೋಗು ಕಣ್ಲಾ." ರೇಡಿಯೋವನ್ನು ದೊಡ್ಡದಾಗಿ ಹಚ್ಚಿ ಮಲಗಿದರು. ನಮಗೆ ಅವರು ಕೊಟ್ಟ ಔಷಧಿ ಅದು.

ಈಗ ಹೇಗಿದೆ ಎಂದರೆ, ಅರ್ಧ ದಾರಿ. ಆಸೆ ಕೆಲವು ಸಲ ತಾನಾಗಿಯೇ ಬರುತ್ತದೆ, ಕೆಲವು ಸಲ ಕರೆದರೂ ಬರುವುದಿಲ್ಲ. ಬಸ್ಸು ಒಮ್ಮೊಮ್ಮೆ ಮೇಲೆ ಮುಟ್ಟುತ್ತದೆ. ಮುಟ್ಟದ ದಿನ ನಮ್ಮವರು, "ಬುಡು, ಕೆಳಗೇ ಕುಂತ್ಕಂಡು ಟೀ ಕುಡ್ಯನ," ಎನ್ನುತ್ತಾರೆ. ನಗು ಬರುತ್ತದೆ. ಸಿಟ್ಟು ಮಾತ್ರ ಪೂರ್ತಿ ಹೋಗಿಲ್ಲ. ತೆರೆದ ಬಾಗಿಲಿನ ಮೇಲೆ ಸಿಟ್ಟಿದೆ, ದೇವರ ಧ್ಯಾನ ಮಾಡು ಎಂದ ಮಾತಿನ ಮೇಲೆ ಇದೆ. ಎಲ್ಲ ಮಾತು ಕಲಿಸಿ ಇದೊಂದನ್ನು ಕಲಿಸದ ನನ್ನ ಅಜ್ಜಿಯ ಮೇಲೂ ಸ್ವಲ್ಪ ಇದೆ. ಅವಳಿಗೂ ಯಾರು ಕಲಿಸಿದ್ದರು ಎಂದು ನೆನೆದಾಗ ಅದು ಕರಗುತ್ತದೆ. ಮತ್ತೆ ಕಟ್ಟಿಕೊಳ್ಳುತ್ತದೆ.

ಮೊನ್ನೆ ತೆರಕಣಾಂಬಿ ಸ್ಟಾಪಿನಲ್ಲಿ ಅತ್ತೆ ಬಸ್ಸು ಹತ್ತಿದರು. ತಂಗಿಯ ಮನೆಗೆ ಹೋಗಿದ್ದರು. ಜೊತೆಯಲ್ಲಿ ಆ ಮನೆಯ ಸೊಸೆ, ಹೋದ ವರ್ಷ ಮದುವೆಯಾಗಿ ಬಂದ ಹುಡುಗಿ, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಇಬ್ರಿಗೂ ಚಾಮರಾಜನಗರ ಕೊಡವ್ವ. ಆಸ್ಪತ್ರೆ ತಾವ ಇಳೀತೀವಿ," ಎಂದರು ಅತ್ತೆ.

"ಯಾರ್ಗೇನಾಯ್ತು?"

"ನಂಗೆ ಅಕ್ಕ, ಸೊಂಟನೋವು," ಎಂದಳು ಹುಡುಗಿ, ಕಿಟಕಿಯ ಕಡೆ ನೋಡುತ್ತ.

ಅತ್ತೆ ನನ್ನ ಮುಖ ನೋಡಿದರು. "ನಿನ್ ಡಾಕ್ಟ್ರಮ್ಮನ ತಾವ್ಕೇ ಕರ್ಕಂಡ್ ಓಯ್ತಾ ಇವ್ನಿ," ಎಂದರು. "ನಾನು ಒರ್ಗಡೆ ಕುಂತಿರ್ತೀನಿ."

ಎರಡು ಟಿಕೆಟ್ ಹರಿದು ಕೊಟ್ಟೆ. ಹುಡುಗಿಗೆ ಕಿಟಕಿಯ ಪಕ್ಕದ ಸೀಟು ಬಿಡಿಸಿಕೊಟ್ಟು, ಸೀಟಿ ಊದಿದೆ.